ಇರಲಿ ಎಂದು ಗುರುತು ಮಾಡಿದ ದನಿ

ಆ ಬಸ್ ನಿಲ್ದಾಣಕ್ಕೆ ಬಂದುಹೋದವರಲ್ಲಿ ಅಕ್ಕನನ್ನು ಕಂಡವರು ಕಡಿಮೆ, ಕೇಳದವರು ಯಾರೂ ಇಲ್ಲ. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಎಷ್ಟು ತಡ, ಯಾರ ಚೀಲ ಬೆಂಚಿನ ಮೇಲೆ ಉಳಿದಿದೆ, ಯಾರ ಮಗು ವಿಚಾರಣೆ ಕಿಟಕಿಯ ಹತ್ತಿರ ಅಳುತ್ತ ನಿಂತಿದೆ, ಎಲ್ಲವನ್ನೂ ಊರಿಗೆ ಹೇಳುತ್ತಿದ್ದದ್ದು ಅವಳ ದನಿ. ಗಂಡನ ಮಾತು ಕೇಳದ ಹೆಂಗಸರು, ಹೆಂಡತಿಯ ಮಾತನ್ನು ಕಿವಿಗೇ ಹಾಕಿಕೊಳ್ಳದ ಗಂಡಸರು, ದೇವರೇ ಇಳಿದು ಬಂದು ಹೇಳಿದರೂ ಹಾರ್ನ್ ನಿಲ್ಲಿಸದ ಡ್ರೈವರುಗಳು, ಎಲ್ಲರೂ ಅವಳು ಹೇಳಿದ ಜಾಗಕ್ಕೆ ಹೋಗಿ ತೆಪ್ಪಗೆ ನಿಲ್ಲುತ್ತಿದ್ದರು. ಅಂಥ ಡ್ರೈವರುಗಳಲ್ಲೊಬ್ಬ ಅವಳನ್ನು ಮದುವೆಯೂ ಆದ. "ಹೊರಗೂ ಇವಳು ಹೊರಡು ಅಂದ್ರೆ ಹೊರಡ್ಬೇಕು, ಮನೇಲೂ ಇವಳು ಹೊರಡು ಅಂದ್ರೆ ಹೊರಡ್ಬೇಕು. ನನ್ನ ಬ್ರೇಕು ನನ್ನ ಕಾಲ ಕೆಳಗೆ ಯಾವತ್ತಿಗೂ ಇರ್ಲಿಲ್ಲ" ಎಂದು ಅವನು ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಅವಳ ತಮ್ಮನಿಗೆ ಅದೇ ನಿಲ್ದಾಣದ ಕಚೇರಿಯಲ್ಲಿ ಕೆಲಸ. ನಿಲ್ದಾಣದ ವೆಬ್ ಪುಟಗಳನ್ನು ಕಟ್ಟುವುದು, ಕೆಟ್ಟರೆ ಸರಿಮಾಡುವುದು. ಕೆಲಸ ಸಿಕ್ಕಿದ್ದು ತನ್ನ ಓದಿನಿಂದಲೇ ಆದರೂ ಅಲ್ಲಿ ಯಾರೂ ಅವನನ್ನು ಅವನ ಹೆಸರಿನಿಂದ ಕರೆಯಲಿಲ್ಲ, 'ಅನೌನ್ಸರಮ್ಮನ ತಮ್ಮ' ಎಂದೇ ಕರೆದರು. ಅವನಿಗೂ ಅದರಲ್ಲಿ ಕೊರಗಿರಲಿಲ್ಲ. ಅಮ್ಮ ತೀರಿಕೊಂಡಾಗ ಅವನಿನ್ನೂ ಶೂ ಲೇಸು ಕಟ್ಟಿಕೊಳ್ಳಲು ಬಾರದ ಹುಡುಗ; ತಲೆ ಬಾಚಿ, ಉಗುರು ಕತ್ತರಿಸಿ, ಮಗ್ಗಿ ಹೇಳಿಸಿ ಸಾಕಿದವಳು ಅಕ್ಕ. ಹಾಗೆ ನೋಡಿದರೆ ಅವನು ಅವಳ ತಮ್ಮ ಎನ್ನುವುದಕ್ಕಿಂತ ದೊಡ್ಡ ಹೆಸರು ಅವನಿಗೆ ಬೇರೆ ಇರಲೂ ಇಲ್ಲ.

ಟಿಕೆಟ್ ಕೌಂಟರಿನ ಹಿಂದೆ ಒಂದು ಚಿಕ್ಕ ಕೋಣೆ. ಗೋಡೆಗೆಲ್ಲ ಹಳೆಯ ಕಂಬಳಿ ತೂಗುಹಾಕಿ, ಫ್ಯಾನಿನ ಸದ್ದು ಸೇರಬಾರದೆಂದು ಫ್ಯಾನು ಆರಿಸಿ, ಅಕ್ಕ ಅಲ್ಲಿ ಕೂತು ತುಂಡು ತುಂಡಾಗಿ ಮಾತುಗಳನ್ನು ರೆಕಾರ್ಡ್ ಮಾಡಿಟ್ಟಿದ್ದಳು. ಊರುಗಳ ಹೆಸರು, ಅಂಕಣಗಳ ಸಂಖ್ಯೆ, 'ಹೊರಡಲು ಸಿದ್ಧವಾಗಿದೆ', 'ತಡವಾಗಿ ಬರಲಿದೆ'. 'ಕ್ಷಮಿಸಿ' ಎಂಬ ಒಂದೇ ಮಾತನ್ನು ನಾಲ್ಕಾರು ಬಗೆಯಲ್ಲಿ ಹೇಳಿಟ್ಟಿದ್ದಳು. ಸ್ವಲ್ಪ ತಡವಾದರೆ ಹೇಳುವ ಕ್ಷಮಿಸಿ ಬೇರೆ, ಕೊನೆಯ ಬಸ್ಸೇ ರದ್ದಾದಾಗ ಹೇಳುವ ಕ್ಷಮಿಸಿ ಬೇರೆ. "ರಾತ್ರಿ ಎಲ್ಲಿ ಮಲಗಲಿ ಅಂತ ನಿಂತಿರೋರ ಹತ್ರ ಉಪ್ಪಿಲ್ಲದ ಕ್ಷಮೆ ಕೇಳೋಕಾಗತ್ತಾ?" ಎನ್ನುತ್ತಿದ್ದಳು. ಬೆವರಿನಿಂದ ತೊಯ್ದು ಕೋಣೆಯಿಂದ ಹೊರಗೆ ಬಂದಾಗ, ಏನೋ ದೊಡ್ಡ ಜಗಳ ಗೆದ್ದು ಬಂದವಳ ಹಾಗೆ ಕಾಣುತ್ತಿದ್ದಳು.

ಆ ದನಿಗೆ ತುಕ್ಕು ಹಿಡಿಯಿತು. ಮೊದಲು ನೆಗಡಿ ಎಂದರು, ಆಮೇಲೆ ಧೂಳು ಎಂದರು, ಬಿಸಿನೀರು ಕುಡಿ, ಮಾತು ಕಡಿಮೆ ಮಾಡು ಎಂದರು. ಎರಡನೆಯದು ಅವಳಿಂದ ಆಗುವ ಮಾತೇ ಅಲ್ಲ. ವರ್ಷ ಕಳೆಯುವಷ್ಟರಲ್ಲಿ ಮರ ಕೊಯ್ಯುವ ಸದ್ದಿನಂಥ ದನಿ ಉಳಿಯಿತು. ಗಂಟಲ ಡಾಕ್ಟರು ಕೊಳವೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಡದೆ ನೇರವಾಗಿ ಹೇಳಿದರು. ಕ್ಯಾನ್ಸರಿನ ಗಡ್ಡೆ, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ತೆಗೆದರೆ ಜೀವ ಉಳಿಯುತ್ತದೆ, ಬಿಟ್ಟರೆ ಉಳಿಯುವುದಿಲ್ಲ.

ಅಕ್ಕ ಒಪ್ಪಲಿಲ್ಲ. ಭಾವ ಬೇಡಿಕೊಂಡ, ತಮ್ಮ ಅತ್ತ, ಡಾಕ್ಟರು ಗದರಿದರು. ಅವಳು ಜಪ್ಪಯ್ಯ ಅನ್ನಲಿಲ್ಲ.

"ಬಾಯಿದ್ದೋಳು ಬರಗಾಲದಲ್ಲೂ ಬದುಕ್ತಾಳೆ ಅಂತಾರೆ" ಎಂದಳು ಆ ಹರಿದ ದನಿಯಲ್ಲೇ. "ಬಾಯಿ ಕಿತ್ಕೊಂಡು ಸುಗ್ಗೀಲಿ ಕೂರಿಸಿದ್ರೆ ನಾನೇನು ಮಾಡ್ಲಿ? ಮಾತಿಲ್ಲದ ನಾನು ಯಾರು ಅಂತ ನನಗೇ ಗೊತ್ತಿಲ್ಲ. ಇರೋಷ್ಟು ದಿನ ಹೀಗೇ ಇರ್ತೀನಿ."

ಗಂಟು ಬಿಡಿಸಿದವಳು ಅದೇ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ. ಅಂಗೈಯಗಲದ ಒಂದು ಯಂತ್ರ ತಂದು ಮಂಚದ ಮೇಲಿಟ್ಟು, ಅದರಲ್ಲಿ ಏನೋ ಬರೆದಳು. ಯಂತ್ರ ಅದನ್ನು ಗಟ್ಟಿಯಾಗಿ ಓದಿತು. ಅದರೊಳಗೆ ಯಾರ್ಯಾರದೋ ಸಿದ್ಧ ದನಿಗಳಿದ್ದವು. ಆದರೆ ರೋಗಿಯದೇ ಹಳೆಯ ದನಿ ಗಂಟೆಗಟ್ಟಲೆ, ಗದ್ದಲವಿಲ್ಲದೆ, ಕೆಮ್ಮಿಲ್ಲದೆ ರೆಕಾರ್ಡ್ ಆಗಿದ್ದರೆ, ಆ ದನಿಯಲ್ಲೇ ಮಾತಾಡುವ ಹಾಗೆ ಯಂತ್ರಕ್ಕೆ ಕಲಿಸಬಹುದು. ಈಗ ಹೊಸದಾಗಿ ರೆಕಾರ್ಡ್ ಮಾಡಿದರೆ ತುಕ್ಕಿನ ದನಿಯೇ ಬರುತ್ತದೆ, ಹಳೆಯದೇ ಬೇಕು.

ಅಕ್ಕ ಎದ್ದು ಕೂತಳು. "ನನ್ನ ದನೀಲಾ? ನಾನು ಹೇಳ್ತಿದ್ದ ಹಾಗೇನಾ?"

"ಹೌದು, ಅಷ್ಟು ರೆಕಾರ್ಡಿಂಗ್ ಇದ್ರೆ" ಎಂದಳು ಮೇಡಂ.

ಅಕ್ಕ ತಮ್ಮನ ಕಡೆ ತಿರುಗಿದಳು. ಅವನಿಗೆ ರೆಕ್ಕೆ ಬಂದ ಹಾಗಾಗಿತ್ತು. "ನಿನ್ನ ದನಿ ನಮ್ಮ ಉಗ್ರಾಣದಲ್ಲಿ ಮೂಟೆಗಟ್ಟಲೆ ಬಿದ್ದಿದೆ ಅಕ್ಕ. ಇವರು ಸಾಕು ಸಾಕು ಅನ್ನೋಷ್ಟು ತಂದು ಸುರೀತೀನಿ."

"ಬಡಾಯಿ ಬೇಡ. ಇರೋದು ಖಾತ್ರಿ ತಾನೆ?"

"ಖಾತ್ರಿ."

"ಹಾಗಾದ್ರೆ ಕುಯ್ಯಲಿ" ಎಂದು ಅಕ್ಕ ಒಪ್ಪಿಗೆ ಪತ್ರಕ್ಕೆ ಕೈ ಚಾಚಿದಳು. ಮುಂದಿನ ಬುಧವಾರಕ್ಕೆ ಆಪರೇಷನ್ ಎಂದು ನಿಂತಿತು. ಜೀವ ಉಳಿಸಿಕೊಳ್ಳಲು ಅವಳು ಒಪ್ಪಿದ್ದು ತಮ್ಮ ಕೊಟ್ಟ ಆ ಒಂದು ಮಾತಿನ ಮೇಲೆ. ಇದು ಭಾವನಿಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು.

ಇತ್ತ ನಿಲ್ದಾಣದಲ್ಲಿ ಕೆಲವು ತಿಂಗಳಿಂದ ಯಂತ್ರದ ದನಿ ಬಂದು ಕೂತಿತ್ತು. ಬರೆದುಕೊಟ್ಟದ್ದನ್ನೆಲ್ಲ ಓದುತ್ತದೆ, ಸಂಬಳ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ಬಸ್ಸು ತಡವಾದರೂ ಮಗು ಕಳೆದರೂ ಅದಕ್ಕೆ ಒಂದೇ ರಾಗ. ಹಳೆಯ ರೆಕಾರ್ಡಿಂಗ್‌ಗಳನ್ನೆಲ್ಲ ಆ ವಾರದ ಕೊನೆಯೊಳಗೆ ತೆಗೆದುಹಾಕಿ, ಹೊಸ ಕ್ಯಾಮೆರಾಗಳ ವಿಡಿಯೊ ಇಡಲು ಜಾಗ ಬೇಕು ಎಂದು ಮೇಲ್ವಿಚಾರಕಿ ಹೇಳಿಟ್ಟಿದ್ದಳು. ತಮ್ಮ ಹೋಗಿ ವಿಷಯ ತಿಳಿಸಿದ.

"ನಿಮ್ಮಕ್ಕಂದು ಎಷ್ಟು ಬೇಕೋ ಅಷ್ಟು ಉಳಿಸ್ಕೊಳ್ಳಿ, ನಾನು ಯಾಕೆ ಬೇಡ ಅನ್ಲಿ?" ಎಂದಳು ಅವಳು. "ಉಳಿದದ್ದು ಮಾತ್ರ ಶುಕ್ರವಾರದೊಳಗೆ ಹೋಗ್ಬೇಕು." ಒಳ್ಳೆಯ ಹೆಂಗಸು. ಈ ಕಥೆಯಲ್ಲಿ ಯಾರೂ ಕೆಟ್ಟವರಿಲ್ಲ, ಅದೇ ದೊಡ್ಡ ಸಂಕಟ. ಒಬ್ಬ ಕೆಟ್ಟವನಿದ್ದಿದ್ದರೆ ಅವನನ್ನಾದರೂ ಹಿಡಿದು ಬಡಿಯಬಹುದಿತ್ತು.

ರೆಕಾರ್ಡಿಂಗ್‌ಗಳೆಲ್ಲ ಒಂದು ವೆಬ್ ಪುಟದಲ್ಲಿ ಗುಂಡಿಗಳಾಗಿ ಕೂತಿದ್ದವು. ಗುಂಡಿ ಒತ್ತಿದರೆ ಆ ಮಾತು ಕೇಳುತ್ತದೆ. ನೋಡುವವರಿಗೆ ಕಾಣುವುದು ಗುಂಡಿಯ ಮೇಲಿನ ಹೆಸರು ಮಾತ್ರ; ಪುಟ ಕಟ್ಟುವವನು ಪ್ರತಿ ಗುಂಡಿಯ ಬೆನ್ನಿಗೆ ತನಗೆ ಬೇಕಾದ ಚೀಟಿಗಳನ್ನೂ ಅಂಟಿಸಿಟ್ಟಿರುತ್ತಾನೆ. ಡೇಟಾ ಆಟ್ರಿಬ್ಯೂಟ್ ಎಂದು ಅದಕ್ಕೆ ಹೆಸರು. ಯಾರ ದನಿ, ಯಾವ ವರ್ಷದ್ದು, ಹೀಗೆ ಏನು ಬೇಕಾದರೂ ಬರೆಯಬಹುದು. ಆಮೇಲೆ 'ಬೆನ್ನ ಮೇಲೆ ಇಂಥ ಚೀಟಿ ಇರುವವರೆಲ್ಲ ಮುಂದೆ ಬನ್ನಿ' ಎಂದು ಒಂದು ಸಾಲು ಬರೆದರೆ ಸಾಕು, ಸಾವಿರಾರು ಗುಂಡಿಗಳ ನಡುವಿನಿಂದ ಅಂಥವು ಮಾತ್ರ ಮುಂದೆ ಬಂದು ನಿಲ್ಲುತ್ತವೆ. ಬಂದವಕ್ಕೆ ಬಣ್ಣ ಬಳಿಯಿರಿ, ಬಚ್ಚಿಡಿ, ಅಳಿಸಿ, ನಿಮ್ಮಿಷ್ಟ.

ತಮ್ಮ ಎಲ್ಲ ಗುಂಡಿಗಳ ಬೆನ್ನಿಗೂ 'ಗತಿ: ತೆಗೆ' ಎಂಬ ಚೀಟಿ ಹಚ್ಚಿದ. ತಾನು ಕೇಳಿ, ಚೆನ್ನಾಗಿದೆ ಎನಿಸಿದ ಮೇಲೆ ಇನ್ನೊಮ್ಮೆ ಒತ್ತಿದರೆ 'ಗತಿ: ಇರಲಿ' ಎಂದು ಬದಲಾಗಿ ಗುಂಡಿ ಹಸಿರಾಗುವ ಹಾಗೆ ಮಾಡಿದ. ಕೊನೆಗೊಂದು ದೊಡ್ಡ ಗುಂಡಿ: ಅದನ್ನೊತ್ತಿದರೆ 'ತೆಗೆ' ಚೀಟಿಯವೆಲ್ಲ ಸರ್ವರಿನ ಉಗ್ರಾಣದಿಂದಲೇ ಅಳಿದುಹೋಗಬೇಕು.

ಮೊದಲು ನಕಲು ಮಾಡಿಟ್ಟುಕೋ, ಆಮೇಲೆ ಕತ್ತರಿ ಎತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವನು ಹೇಳಿಕೊಡುವ ಮೊದಲ ಪಾಠ ಇದೇ. ಅವತ್ತು ಮಾತ್ರ, ಉಳಿಸಿದ್ದು ಹೇಗೂ ಉಗ್ರಾಣದಲ್ಲೇ ಇರುತ್ತದೆ, ಸೋಮವಾರ ಒಟ್ಟಿಗೆ ಕಟ್ಟಿ ಮೇಡಂಗೆ ಕೊಟ್ಟರಾಯಿತು ಎಂದುಕೊಂಡ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಗುರುವಾರ, ಶುಕ್ರವಾರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವನು ಅಕ್ಕನನ್ನು ಕೇಳಿದ. ಎಷ್ಟೋ ದಿನದಿಂದ ಮರ ಕೊಯ್ಯುವ ಸದ್ದನ್ನೇ ಅಕ್ಕ ಎಂದು ಒಪ್ಪಿಕೊಂಡಿದ್ದ ಕಿವಿಗೆ ಆ ಹಳೆಯ ದನಿ ಬಿದ್ದಾಗ ಮೊದಲ ದಿನ ಕಣ್ಣೀರು ಬಂದುಬಿಟ್ಟಿತು. ಪಕ್ಕದ ಮೇಜಿನವನು "ಏನ್ರೀ, ಬಸ್ಸು ತಡ ಅಂದಿದ್ದಕ್ಕೆ ಅಳ್ತೀರಲ್ಲ" ಎಂದು ರೇಗಿಸಿದ. ಇವನು ನಕ್ಕು ಮೂಗು ಒರೆಸಿಕೊಂಡ. ರಾತ್ರಿ ಪಾಳಿಯ ಗಂಡಸಿನ ದನಿ ಬಂದರೆ ಬಿಡು, ಕೆಮ್ಮಿದ್ದರೆ ಬಿಡು, ತುಕ್ಕು ಶುರುವಾದ ಮೇಲಿನದಾದರೆ ಬಿಡು. ತಿಳಿಯಾಗಿದ್ದರೆ ಒತ್ತು. ಒಂದೊಂದೇ ಹಸಿರಾಗುತ್ತ ಬಂತು. ಮೂಲೆಯಲ್ಲಿ ಉಳಿಸಿದವುಗಳ ಲೆಕ್ಕ ಏರುತ್ತ ಬಂತು. ಅಕ್ಕ ಮುಂದೆ ಆ ಯಂತ್ರದಲ್ಲಿ ತರಕಾರಿಯವನೊಡನೆ ಚೌಕಾಸಿ ಮಾಡುವುದನ್ನು, ಭಾವನನ್ನು ಊಟಕ್ಕೆ ಕೂಗುವುದನ್ನು ಅವನು ಆಗಲೇ ಕೇಳುತ್ತಿದ್ದ.

ಶುಕ್ರವಾರ ಸಂಜೆ ದೊಡ್ಡ ಗುಂಡಿ ಒತ್ತಿದ. 'ಕೆಲಸ ಮುಗಿಯಿತು' ಎಂದು ಬಂತು. ಬೂದುಬಣ್ಣದವೆಲ್ಲ ಮಾಯವಾಗಿ ಹಸಿರು ಗುಂಡಿಗಳಷ್ಟೇ ಪುಟದ ಮೇಲೆ ನಿಂತವು. ಖಾತ್ರಿಗೆಂದು ಒಂದನ್ನು ಒತ್ತಿದ. "ಪ್ರಯಾಣಿಕರು ದಯವಿಟ್ಟು ಸಾಲಿನಲ್ಲಿ ನಿಲ್ಲಬೇಕು" ಎಂದಳು ಅಕ್ಕ, ಜೇನಿನಂತೆ. ಅವನು ಕಂಪ್ಯೂಟರ್ ಆರಿಸಿ, ಅಲ್ಲಿಂದಲೇ ಫೋನು ಮಾಡಿ "ಭದ್ರ ಮಾಡಿದೆ ಅಕ್ಕ" ಎಂದ. "ನಿನ್ನ ಕೈಗೆ ಸಿಕ್ಕಿದ್ದು ಭದ್ರ ಇದ್ರೆ ಅದೇ ಆಶ್ಚರ್ಯ" ಎಂದಳು ಅಕ್ಕ. ಖುಷಿಯಾಗಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಪುಟ ತೆರೆದ. ಮೇಲೆ ತಲೆಬರಹ, ಕೆಳಗೆ ಬಿಳಿ. ನೆಟ್ ನಿಧಾನವಿರಬೇಕೆಂದು ಕಾದ. ಮತ್ತೆ ತೆರೆದ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ತೆರೆದ. ಬಿಳಿಯ ಮೇಲೆ ಬಿಳಿ.

ಸರ್ವರ್ ನೋಡಿಕೊಳ್ಳುವವನಿಗೆ ಕಚೇರಿಯಲ್ಲಿ 'ಬೀಗ' ಎಂದು ಅಡ್ಡಹೆಸರು. ಏನು ಕೇಳಿದರೂ ಮೊದಲು 'ಇಲ್ಲ' ಎಂದು, ಆಮೇಲೆ ನಿಧಾನವಾಗಿ ತೆರೆದುಕೊಳ್ಳುವ ಮನುಷ್ಯ. ತಮ್ಮನ ಮುಖ ನೋಡಿ ಅವತ್ತು ಅವನು ಇಲ್ಲ ಎನ್ನಲೇ ಇಲ್ಲ, ತಾನೇ ಕೂತು ಉಗ್ರಾಣದ ಮೂಲೆ ಮೂಲೆ ತಡಕಿದ.

"ಶುಕ್ರವಾರ ಸಂಜೆ ಎಲ್ಲ ಒಟ್ಟಿಗೆ ಅಳಿಸಿದ್ದೀರಿ" ಎಂದ.

"ಎಲ್ಲ ಅಲ್ಲಣ್ಣ. ತೆಗೆ ಅಂತ ಇದ್ದದ್ದು ಮಾತ್ರ."

"ಇಲ್ಲಿ ಎಲ್ಲ ಅಂತಿದೆ."

"ಬ್ಯಾಕಪ್?"

ಬೀಗ ಕನ್ನಡಕ ತೆಗೆದ. "ಬ್ಯಾಕಪ್ ಭಾನುವಾರ ಓಡತ್ತೆ. ಇಲ್ಲಿ ಇದ್ದದ್ದು ಅಲ್ಲಿರ್ಬೇಕು, ಇಲ್ಲಿ ಇಲ್ಲದ್ದು ಅಲ್ಲೂ ಇರ್ಬಾರ್ದು, ಅದೇ ಅದರ ಕೆಲಸ. ನಿನ್ನೆ ಓಡಿತು. ಖಾಲಿಯಾದ ಜಾಗದಲ್ಲಿ ಆಗಲೇ ಕ್ಯಾಮೆರಾ ವಿಡಿಯೊ ಬಂದು ಕೂತಿದೆ. ತಳ ಕೆರೆದ್ರೂ ಏನೂ ಬರಲ್ಲ, ತಮ್ಮಾ." ಮೂರು ದಿನ ಮೊದಲು ಬಂದಿದ್ದರೆ ಎಂಬ ಮಾತು ಅವನ ಬಾಯಿಯವರೆಗೆ ಬಂದದ್ದು ಕಂಡಿತು. ಅವನು ಅದನ್ನು ನುಂಗಿಕೊಂಡ.

ತಪ್ಪು ಎಲ್ಲಾಯಿತೆಂದು ಕಂಡುಹಿಡಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಎಲ್ಲರಿಗೂ ಕಾಣುತ್ತದೆ. ಅವನು ಪುಟಕ್ಕೆ ಬಳಸಿದ್ದ ಹಳೆಯ ಸಹಾಯಕ ಕೋಡಿಗೆ ಒಂದು ಗುಣವಿತ್ತು. ಅದು ಗುಂಡಿಯ ಬೆನ್ನಿನ ಚೀಟಿಯನ್ನು ಒಂದು ಸಲ ಓದಿ ತನ್ನ ತಲೆಯಲ್ಲಿಟ್ಟುಕೊಳ್ಳುತ್ತದೆ. ಆಮೇಲೆ 'ಇರಲಿ ಎಂದು ಬದಲಿಸು' ಎಂದರೆ ತಲೆಯೊಳಗಿನದನ್ನು ಬದಲಿಸುತ್ತದೆ, ಬೆನ್ನ ಮೇಲಿನ ಚೀಟಿಯನ್ನು ಮುಟ್ಟುವುದೇ ಇಲ್ಲ. ಹಸಿರು ಬಣ್ಣ, ಮೂಲೆಯ ಲೆಕ್ಕ, ಕೊನೆಗೆ ಪುಟದ ಮೇಲೆ ಯಾವುದು ಕಾಣಬೇಕು ಎನ್ನುವುದು, ಇವೆಲ್ಲ ತಲೆಯ ಮಾತು ಕೇಳಿ ನಡೆದವು. 'ತೆಗೆ ಚೀಟಿಯವರೆಲ್ಲ ಮುಂದೆ ಬನ್ನಿ' ಎಂಬ ಆ ಒಂದು ಸಾಲು ಮಾತ್ರ ಬೆನ್ನಿನ ಚೀಟಿಯನ್ನೇ ನೋಡುತ್ತದೆ. ಎರಡು ದಿನ ಅವನು ಕೇಳಿ ಕೇಳಿ ಆರಿಸಿದ ಒಂದೊಂದರ ಬೆನ್ನ ಮೇಲೂ 'ತೆಗೆ' ಎಂದೇ ಇತ್ತು. ಕರೆದಾಗ ಎಲ್ಲವೂ ಮುಂದೆ ಬಂದು ನಿಂತವು. ಕೊನೆಯಲ್ಲಿ ಒತ್ತಿ ನೋಡಿದಾಗ ಅಕ್ಕನ ದನಿ ಕೇಳಿಸಿದ್ದು, ಮೊದಲೇ ಕೇಳಿದ್ದರಿಂದ ಬ್ರೌಸರು ತನ್ನ ಹತ್ತಿರ ಇಟ್ಟುಕೊಂಡಿದ್ದ ಪ್ರತಿ. ಅದಾದರೂ ಇದೆಯೇ ಎಂದು ಹುಡುಕಿದ. ಕಂಪ್ಯೂಟರ್ ಆರಿಸಿದ ಕೂಡಲೇ ಬ್ರೌಸರು ಎಲ್ಲವನ್ನೂ ಮರೆಯಬೇಕು ಎಂದು ಕಚೇರಿಯ ಕಂಪ್ಯೂಟರುಗಳಿಗೆಲ್ಲ ಕಟ್ಟುಮಾಡಿದವನು ಅವನೇ.

ಈ ತಪ್ಪು ಅವನ ಕಸುಬಿನವರೆಲ್ಲ ಒಂದಲ್ಲ ಒಂದು ಸಲ ಮಾಡಿರುವಂಥದ್ದು. ಬೇರೆಯವರು ಮಾಡಿದಾಗ ಒಂದು ಚಿತ್ರ ಕಾಣುವುದಿಲ್ಲ, ಒಂದು ಪಟ್ಟಿ ತಪ್ಪು ಬರುತ್ತದೆ, ನಗುತ್ತಾರೆ, ತಿದ್ದುತ್ತಾರೆ. ಅವನ ಪಾಲಿಗೆ ಮಾತ್ರ ತಿದ್ದಲು ಏನೂ ಉಳಿದಿರಲಿಲ್ಲ. ಆ ಸಾಲನ್ನು ಅವನು ಸರಿಪಡಿಸಿದ. ಈಗ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಭಾವ ಡಿಪೋದಲ್ಲಿ ಬಸ್ಸಿನ ಗಾಜು ತೊಳೆಯುತ್ತಿದ್ದ. ತಮ್ಮ ಹೇಳುತ್ತ ಹೋದಂತೆ ಅವನ ಕೈ ನಿಧಾನವಾಯಿತು, ಆಮೇಲೆ ನಿಂತಿತು. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವನ ಬೂಟಿನ ಮೇಲೆ ಬೀಳುತ್ತಿತ್ತು.

"ಒಂದೂ ಇಲ್ವಾ?"

"ಒಂದೂ ಇಲ್ಲ ಭಾವ."

"ಮನೇಲಿ ಫೋನಲ್ಲಿರೋದು?"

ಅದನ್ನೂ ಇಬ್ಬರೂ ಸೇರಿ ಹೆಕ್ಕಿದರು. ಅಕ್ಕನಿಗೆ ಫೋನು ಎತ್ತಿ ವಿಡಿಯೊ ಮಾಡುವವರನ್ನು ಕಂಡರಾಗುತ್ತಿರಲಿಲ್ಲ. ಮದುವೆಯ ವಿಡಿಯೊದಲ್ಲಿ ಅವಳ ಮಾತಿಗಿಂತ ವಾದ್ಯದ ಗದ್ದಲವೇ ಹೆಚ್ಚು, ಅಡುಗೆಮನೆಯ ಒಂದರಲ್ಲಿ ಮಾತಿಗಿಂತ ಕುಕ್ಕರಿನ ಸೀಟಿಯೇ ಹೆಚ್ಚು. ಎಲ್ಲ ಸೇರಿಸಿದರೂ ನಾಲ್ಕು ಪಾತ್ರೆ ತೊಳೆಯುವಷ್ಟು ಹೊತ್ತಿನ ಮಾತಾಗಲಿಲ್ಲ. ಮಾತು ಕಲಿಸುವ ಮೇಡಂ ಅದನ್ನೆಲ್ಲ ತಾಳ್ಮೆಯಿಂದ ಕೇಳಿ ತಲೆ ಅಲ್ಲಾಡಿಸಿದಳು. "ಇದರಿಂದ ಆಗಲ್ಲ. ಆದ್ರೂ ಯಾರದೋ ದನಿ ಆಗತ್ತೆ, ಅವರದಾಗಲ್ಲ. ಅವರಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಭಾವ ಹೇಳಿದ, "ಆಪರೇಷನ್ ಆಗೋವರೆಗೂ ಹೇಳ್ಬೇಡ."

"ಕೇಳಿದ್ರೆ?"

"ಏನಾದ್ರೂ ಹೇಳು. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಅವಳು ಚಪ್ಪಲಿ ಮೆಟ್ಕೊಂಡು ಮನೆಗೆ ಬರ್ತಾಳೆ. ನನಗವಳು ಗೊತ್ತು."

"ಮೋಸ ಅಲ್ವಾ ಭಾವ?"

"ಮೋಸಾನೇ." ಭಾವ ತನ್ನ ಅಂಗೈಗಳನ್ನು ನೋಡಿಕೊಂಡ. "ಮೋಸ ಹೋದೋಳು ಬದುಕಿರ್ತಾಳಲ್ಲ. ನನಗೆ ಅಷ್ಟು ಸಾಕು."

ತಮ್ಮ ಎದ್ದು ಮೆಟ್ಟಿಲಿಳಿದು ಹೊರಟ. ಹೇಳಿದರೆ ಅಕ್ಕ ಉಳಿಯುವುದಿಲ್ಲ, ಹೇಳದಿದ್ದರೆ ಅಕ್ಕನ ಎದುರು ತಾನು ಉಳಿಯುವುದಿಲ್ಲ. ಕಣ್ಣುಬಿಟ್ಟ ಮೇಲೆ ಅವಳು ಆ ಯಂತ್ರಕ್ಕಾಗಿ ಕೈ ಚಾಚುವುದು ಅವನಿಗೆ ಎಲ್ಲಿ ನೋಡಿದರೂ ಕಾಣತೊಡಗಿತು. ಯಾರಾದರೂ ಬಂದು ಹೀಗೆ ಮಾಡು ಎಂದರೆ ಸಾಕಿತ್ತು, ಏನಾದರೂ ಮಾಡಿಬಿಡುತ್ತಿದ್ದ. ಯಾರೂ ಬರಲಿಲ್ಲ. ಮಂಗಳವಾರವಿಡೀ ಕಚೇರಿಯಲ್ಲಿ ಕೂತು, ಯಾವತ್ತೋ ಪಕ್ಕದ ಊರಿನ ನಿಲ್ದಾಣಕ್ಕೆ ಒಂದು ಪ್ರತಿ ಹೋಗಿತ್ತೇನೋ ಎಂದು ಕಂಡ ಕಂಡವರಿಗೆಲ್ಲ ಫೋನು ಮಾಡಿದ. "ನಿಮ್ಮಕ್ಕನ ದನಿ ತಾನೆ, ಎಷ್ಟು ಚೆನ್ನಾಗಿತ್ತು" ಎಂದರು ಎಲ್ಲರೂ. ಯಾರ ಹತ್ತಿರವೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಅಕ್ಕ ಆಸ್ಪತ್ರೆಯ ಹಸಿರು ಗೌನು ಹಾಕಿಕೊಂಡು, ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡು ಮಂಚದ ಮೇಲೆ ಕೂತಿದ್ದಳು. ಬಳೆ ತೆಗೆದ ಕೈ ಬೋಳಾಗಿತ್ತು. ಭಾವ ಕಿಟಕಿಯ ಹತ್ತಿರ ನಿಂತು, ಹೊರಗೆ ಏನೂ ಇಲ್ಲದಿದ್ದರೂ ಹೊರಗೇ ನೋಡುತ್ತಿದ್ದ.

"ನೋಡು ನಿಮ್ಮ ಭಾವನ್ನ" ಎಂದಳು ಅಕ್ಕ. ಮಾತು ಮುರಿದು ಮುರಿದು ಬರುತ್ತಿತ್ತು. "ಇವತ್ತಿಂದ ಮನೇಲಿ ತನ್ನದೇ ರಾಜ್ಯ ಅಂತ ಲೆಕ್ಕ ಹಾಕ್ತಿದಾನೆ. ಹಾಕ್ಲಿ. ಯಂತ್ರ ಬರ್ಲಿ, ಬಟನ್ ಒತ್ತಿ ಒತ್ತಿ ಕೂಗ್ತೀನಿ."

ಭಾವ ನಗಲು ನೋಡಿದ. ಆಗಲಿಲ್ಲ.

"ಲೋ, ಆ ಫೋನಲ್ಲಿ ಒಂದು ಕೇಳಿಸು" ಎಂದಳು ಅವಳು ತಮ್ಮನಿಗೆ.

"ಏನು ಅಕ್ಕ?"

"ನನ್ನ ದನಿ ಕಣೋ. ಯಾವುದಾದ್ರೂ. ಆ ಸಾಲಿನಲ್ಲಿ ನಿಲ್ಲಿ ಅನ್ನೋದಾದ್ರೂ ಸರಿ. ಒಳಗೆ ಹೋಗೋ ಮುಂಚೆ ಒಂದ್ಸಲ ಕೇಳ್ಕೊಂಡು ಹೋಗ್ತೀನಿ."

ಅವನು ಫೋನು ಹೊರಗೆ ತೆಗೆದ. ಪರದೆ ಉಜ್ಜಿದ. "ಇಲ್ಲಿ ನೆಟ್ ಸಿಗ್ತಿಲ್ಲ ಅಕ್ಕ" ಎಂದ. ಅವನ ಮಾತು ಮುಗಿಯುವುದಕ್ಕೂ ಆ ಫೋನು ಯಾರದೋ ಸಂದೇಶ ಬಂದು ಟಿಣ್ ಎನ್ನುವುದಕ್ಕೂ ಸರಿಹೋಯಿತು.

ಅಕ್ಕ ಅವನನ್ನು ನೋಡಿದಳು. ಶೂ ಲೇಸು ಕಟ್ಟಿದವಳಿಗೆ, ಉಗುರು ಕತ್ತರಿಸಿದವಳಿಗೆ ಆ ಮುಖದಲ್ಲಿ ಓದಲು ಬಾರದ್ದು ಏನಿರುತ್ತದೆ? ಅವಳು ಭಾವನ ಬೆನ್ನನ್ನು ನೋಡಿದಳು. ಭಾವ ತಿರುಗಲಿಲ್ಲ. ಮತ್ತೆ ತಮ್ಮನನ್ನು ನೋಡಿದಳು.

"ಹೋಯ್ತಾ?" ಎಂದಳು.

ಅವನು ಫೋನನ್ನು ಜೇಬಿಗೆ ಹಾಕಿಕೊಂಡು ತಲೆ ತಗ್ಗಿಸಿದ. ಕಿಟಕಿಯ ಹತ್ತಿರ ಭಾವನ ಹೆಗಲು ಅಲುಗುತ್ತಿತ್ತು. ಅಕ್ಕ ಅದನ್ನೂ ಕಂಡಳು. ಅವಳ ಕಾಲು ಮಂಚದಿಂದ ಕೆಳಗಿಳಿದು ಚಪ್ಪಲಿಯನ್ನು ತಡಕಿತು, ಒಂದು ಚಪ್ಪಲಿ ಸಿಕ್ಕಿತು. ಅವಳು ಆ ಒಂದು ಚಪ್ಪಲಿಯಲ್ಲಿ ಕಾಲಿಟ್ಟುಕೊಂಡು ಬಹಳ ಹೊತ್ತು ಗಂಡನ ಹೆಗಲನ್ನೇ ನೋಡುತ್ತ ಕೂತಿದ್ದಳು.

ನರ್ಸು ಗಾಲಿಮಂಚ ತಳ್ಳಿಕೊಂಡು ಬಂದಳು. "ಹೊರಡೋಣ್ವಾ ಅಮ್ಮ?"

ಅಕ್ಕ ಕಾಲನ್ನು ಚಪ್ಪಲಿಯಿಂದ ಹೊರಗೆಳೆದಳು.

"ಅಕ್ಕ, ನಾನು..." ಎಂದ ತಮ್ಮ.

"ಈಗ ಬೇಡ" ಎಂದಳು ಅವಳು. "ಈಗ ಹೇಳಿದ್ರೆ ಹೆದರಿ ಎದ್ದು ಹೋಗ್ಬಿಡ್ತೀನಿ. ಆಮೇಲೆ ಹೇಳು. ಆಗ ನಿನಗೂ ಅನುಕೂಲ, ಬೈಯೋಕೆ ನನ್ನ ಹತ್ರ ಏನೂ ಇರಲ್ಲ."

ಅದು ಅವಳು ಅವನಿಗೆ ಆಡಿದ ಕೊನೆಯ ಮಾತು. ಗಾಲಿಮಂಚದ ಒಂದು ಚಕ್ರ ಕಿರುಗುಡುತ್ತ ಹೋಯಿತು. ಭಾವ ಜೊತೆಗೆ ಬಾಗಿಲವರೆಗೂ ನಡೆದ. ತಮ್ಮ ಇದ್ದಲ್ಲೇ ನಿಂತ.

ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆಯನ್ನು ಪೂರ್ತಿ ತೆಗೆದಿದ್ದೇವೆ, ಇನ್ನು ಹೆದರಬೇಕಾಗಿಲ್ಲ ಎಂದು ಡಾಕ್ಟರು ಕೈ ಕುಲುಕಿದರು. ಭಾವ ಅವರ ಕೈಯನ್ನು ಬಿಡದೆ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಕೆಲವು ದಿನ ಕಳೆದು ಅಕ್ಕನನ್ನು ವಾರ್ಡಿಗೆ ತಂದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಮೂಗಿನಲ್ಲಿ ಕೊಳವೆ, ಮುಖ ಸ್ವಲ್ಪ ಊದಿಕೊಂಡಿತ್ತು. ಮಾತು ಕಲಿಸುವ ಮೇಡಂ ಸಿದ್ಧ ದನಿಗಳಿದ್ದ ಯಂತ್ರವನ್ನು ತಂದು ಪಕ್ಕದ ಮೇಜಿನ ಮೇಲಿಟ್ಟು ಹೋಗಿದ್ದಳು. ನರ್ಸು ಬರೆಯುವುದಕ್ಕೆಂದು ಒಂದು ಸ್ಲೇಟನ್ನೂ ಕೊಟ್ಟಿದ್ದಳು. ಅಕ್ಕ ಎರಡನ್ನೂ ಮುಟ್ಟಿರಲಿಲ್ಲ.

ತಮ್ಮ ಬಂದು ಮಂಚದ ಹತ್ತಿರ ನಿಂತಾಗ ಅವಳು ಬೆರಳೆತ್ತಿ ಅವನನ್ನು ತೋರಿಸಿದಳು, ಆಮೇಲೆ ತನ್ನ ಕಿವಿಯನ್ನು ತೋರಿಸಿದಳು. ಹೇಳು ಎಂದು.

ಅವನು ಹೇಳಿದ. ಚೀಟಿಯ ವಿಷಯ, ತಲೆಯೊಳಗೆ ಬದಲಾಗಿ ಬೆನ್ನ ಮೇಲೆ ಬದಲಾಗದ ವಿಷಯ, ನಕಲು ಮಾಡಿಟ್ಟುಕೊಳ್ಳದ ತನ್ನ ಸೋಮಾರಿತನ, ಶುಕ್ರವಾರದ ಫೋನು, ನೆಟ್ ಇಲ್ಲವೆಂದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಅಕ್ಕ ಕಣ್ಣು ಮಿಟುಕಿಸದೆ ಕೇಳಿದಳು.

ಆಮೇಲೆ ಅವಳು ಬೈಯಲು ಶುರುಮಾಡಿದಳು. ತುಟಿಗಳು ಅಲುಗಿದವು, ಹುಬ್ಬು ಗಂಟಿಕ್ಕಿತು, ಬೆರಳು ಗಾಳಿಯಲ್ಲಿ ಎದ್ದು ಅವನ ಎದೆಯ ಕಡೆ ಕುಕ್ಕಿತು. ಕಣ್ಣಲ್ಲಿ ನೀರು ತುಂಬಿ ಎರಡೂ ಕಡೆ ಹರಿದು ದಿಂಬು ಸೇರಿತು, ತುಟಿ ನಿಲ್ಲಲಿಲ್ಲ. ಗಂಟಲ ತೂತಿನಿಂದ ಬರಿಯ ಗಾಳಿ ಬುಸುಗುಟ್ಟಿ ಹೊರಬರುತ್ತಿತ್ತು. ತಮ್ಮ ಬಗ್ಗಿ ಅವಳ ಬಾಯಿಗೆ ಕಿವಿ ಕೊಟ್ಟ, ಏನೂ ಕೇಳಿಸಲಿಲ್ಲ. ಭಾವ ಸ್ಲೇಟನ್ನು ಅವಳ ಕೈಗಿಡಲು ಹೋದ. ಅವಳು ಅದನ್ನು ತಳ್ಳಿಬಿಟ್ಟಳು. ಅಷ್ಟು ವರ್ಷ ಇಡೀ ಊರನ್ನು ಸಾಲಿನಲ್ಲಿ ನಿಲ್ಲಿಸಿದವಳು ಸ್ಲೇಟಿನ ಮೇಲೆ ಬರೆದು ಬೈಯುವುದು ಹೇಗೆ?

ಅವಳು ಬೈಯುತ್ತಲೇ ಇದ್ದಳು. ತಮ್ಮ ಪ್ರತಿಯೊಂದಕ್ಕೂ "ಹೂಂ ಅಕ್ಕ, ಹೂಂ ಅಕ್ಕ" ಎನ್ನುತ್ತ ನಿಂತಿದ್ದ. ಅವನಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ.